ಹಿಮನದಿಯ ಬುಡದಲ್ಲಿ ಇಟ್ಟ ಎಡೆ

ತಾರಾ ನನ್ನ ಹತ್ತಿರ ಆಡಿದ ಮೊದಲನೆಯ ಮಾತೇ ಕಾಗೆಯದು. ಬೇರೆಯವರು ಪಕ್ಕದ ಮನೆಗೆ ಹೊಸದಾಗಿ ಬಂದರೆ ಕಸದ ಡಬ್ಬಿ ಯಾವತ್ತು ಹೊರಗಿಡಬೇಕು ಎಂದು ಕೇಳುತ್ತಾರೆ. ಇವಳು ಬೇಲಿಯ ಮೇಲಿಂದ ತಲೆಯೆತ್ತಿ, ನಾನು ಕನ್ನಡದವಳು ಎಂಬುದನ್ನು ಮಗಳು ಯಾಮಿನಿಯನ್ನು ಕೂಗುತ್ತಿದ್ದ ನನ್ನ ಗಂಟಲಿನಿಂದಲೇ ಕಂಡುಕೊಂಡು, "ಆಂಟಿ, ಇಲ್ಲಿ ಎಲ್ಲಾದ್ರೂ ಕಾಗೆ ನೋಡಿದೀರಾ?" ಎಂದಳು.

"ಇಲ್ಲಿ ಕಾಗೆ ಎಲ್ಲಿಂದ ಬರಬೇಕು ತಾಯಿ? ಗೊರವಂಕ ಬೇಕಾದ್ರೆ ಹಿಡಿದುಕೊಡ್ತೀನಿ, ಇಡೀ ಆಕ್ಲೆಂಡಿಗೆ ಸಾಕಾಗೋಷ್ಟಿವೆ" ಎಂದು ನಗಾಡಿದೆ.

ಅವಳು ನಗಲಿಲ್ಲ. "ಗೊರವಂಕ ನಡೆಯಲ್ವಂತೆ ಆಂಟಿ. ಅವ್ವನ್ನ ಕೇಳ್ದೆ" ಎಂದು ಒಳಗೆ ಹೋಗಿಬಿಟ್ಟಳು.

ಅದಾದ ಮೇಲೆ ಅವಳು ನಮ್ಮ ಮನೆಯವಳೇ ಆದಳು ಅನ್ನಿ. ನಮ್ಮ ಬಡಾವಣೆ ಫ್ಲ್ಯಾಟ್ ಬುಷ್‌ನಲ್ಲಿ ಬೇಲಿ ಎಂದರೆ ಎದೆಯುದ್ದದ ಹಲಗೆ. ಅದರ ಮೇಲಿಂದ ಪಾತ್ರೆ ಹೋಗುತ್ತದೆ, ಪಾತ್ರೆ ಬರುತ್ತದೆ, ಮಾತೂ ಹಾಗೆಯೇ. ಮಳವಳ್ಳಿ ಕಡೆಯ ಹುಡುಗಿ. ಅಪ್ಪ ರೇಷ್ಮೆಹುಳು ಸಾಕುತ್ತಿದ್ದ. ಹುಳು ಸೊಪ್ಪು ತಿನ್ನುವ ಸದ್ದು ಮಳೆ ಬಂದ ಹಾಗೆ ಕೇಳುತ್ತದೆ, ಆ ಸದ್ದಿನಲ್ಲಿ ಮಲಗಿದವರಿಗೆ ಬೇರೆಲ್ಲೂ ನಿದ್ದೆ ಬರುವುದಿಲ್ಲ ಎಂದು ತಾರಾ ಹೇಳುತ್ತಿದ್ದಳು. ಅಪ್ಪ ಬೇಗ ಹೋದ. ಇವಳು ಮೈಸೂರಿನಲ್ಲಿ ನರ್ಸಿಂಗ್ ಓದಿ, ಇಲ್ಲಿಗೆ ಬಂದು, ಮೊದಲು ಪೊರಿರುವಾ ಎಂಬ ಊರಿನಲ್ಲಿ ಇಬ್ಬರು ಫ್ಲ್ಯಾಟ್‌ಮೇಟ್‌ಗಳ ಜೊತೆ ಇದ್ದು, ಅಲ್ಲಿಗೆ ತಮ್ಮನನ್ನೂ ಓದಲು ಕರೆಸಿಕೊಂಡಳು. ಜಯಂತ ಅಂತ ಹೆಸರು. ಫೋಟೋದಲ್ಲಿ ನೋಡಿದ್ದೇನೆ. ಕಿವಿ ಸ್ವಲ್ಪ ಅಗಲ, ನಕ್ಕರೆ ಕಣ್ಣು ಮುಚ್ಚಿಹೋಗುವ ಹುಡುಗ.

ಓದು ಮುಗಿಸಿ ಆ ಹುಡುಗ ಈ ದೇಶದ ದಕ್ಷಿಣ ದ್ವೀಪದ ಪಶ್ಚಿಮ ಕರಾವಳಿಗೆ ಹೋದ. ಅಲ್ಲಿ ಹಿಮನದಿಯ ಹತ್ತಿರದ ಊರಿನ ಮೋಟೆಲಿನಲ್ಲಿ ಬೇಸಿಗೆಯ ಕೆಲಸ. ಹಿಮನದಿ ಎಂದರೆ ನಾನೂ ಏನೋ ಗಂಗೆಯ ಹಾಗಿರುತ್ತದೆ ಎಂದುಕೊಂಡಿದ್ದೆ. ಅದು ನದಿಯಲ್ಲಮ್ಮ, ಬೆಟ್ಟದ ಸಂದಿಯಲ್ಲಿ ಸಿಕ್ಕಿಕೊಂಡಿರುವ ಮಂಜುಗಡ್ಡೆ. ನಿಂತ ಹಾಗೇ ಇರುತ್ತದೆ, ಆದರೂ ನಡೆಯುತ್ತಿರುತ್ತದೆ. ನದಿ ಹುಟ್ಟುವುದು ಅದರ ಬುಡದಿಂದ. ಬೂದಿ ಕಲಸಿದ ಹಾಲಿನ ಬಣ್ಣದ ನೀರು. ಆ ಹುಡುಗನಿಗೆ ಹೂವಿನ ಹುಚ್ಚು. ಬಿಡುವು ಸಿಕ್ಕಾಗಲೆಲ್ಲ ಕಣಿವೆಗೆ ಹೋಗಿ ಫೋನಿನಲ್ಲಿ ಹೂವು, ಹಕ್ಕಿ ತೆಗೆದು ಅಕ್ಕನಿಗೆ ಕಳಿಸುತ್ತಿದ್ದ. ಎರಡು ಸಾವಿರದ ಹದಿಮೂರರ ಫೆಬ್ರವರಿಯಲ್ಲಿ ಒಂದು ದಿನ ಹಾಗೆ ಹೋದವನು ಬರಲಿಲ್ಲ. ಮೇಲೆ ಮಳೆಯಾಗಿ ನೀರು ಒಮ್ಮೆಗೇ ಏರಿತಂತೆ. ಹೆಲಿಕಾಪ್ಟರ್ ಹುಡುಕಿತು, ನಾಯಿ ಹುಡುಕಿತು, ಊರವರೆಲ್ಲ ಹುಡುಕಿದರು. ದೇಹ ಸಿಗಲೇ ಇಲ್ಲ.

ಇದರಲ್ಲಿ ತಾರಾ ಒಂದು ತಪ್ಪು ಮಾಡಿದಳು. ಹುಡುಕುತ್ತಿದ್ದ ಅಷ್ಟೂ ದಿನ ಊರಿಗೆ ಫೋನ್ ಮಾಡಿ, ಜಯಂತನ ಕಾಲು ಮುರಿದಿದೆ, ಆಸ್ಪತ್ರೆಯಲ್ಲಿದ್ದಾನೆ, ಉಂಡ, ಮಲಗಿದ ಎಂದು ಅವ್ವನಿಗೆ ಹೇಳಿದಳು. ರೋಗಿಗಳ ಮನೆಯವರಿಗೆ ಕೆಟ್ಟ ಸುದ್ದಿ ಮೆಲ್ಲಗೆ ಹೇಳಿ ಅಭ್ಯಾಸ. ಆ ಅಭ್ಯಾಸವನ್ನು ಮನೆಯವರ ಮೇಲೂ ಪ್ರಯೋಗಿಸಿದಳು. ಅವ್ವ ಚಿಕ್ಕತಾಯಮ್ಮ ಅಲ್ಲಿ ನೆಂಟರಿಗೆಲ್ಲ ಮಗ ಉಂಡನಂತೆ ಎಂದು ಹೇಳಿಕೊಂಡು ಓಡಾಡಿದಳು. ಕೊನೆಗೆ ನಿಜ ಗೊತ್ತಾಗಿದ್ದು ಬೇರೆ ಯಾರದೋ ಬಾಯಿಂದ. ಆವತ್ತಿನಿಂದ ಆಕೆ ಮಗಳ ಮಾತು ನಂಬುವುದನ್ನು ಬಿಟ್ಟಳು. ಫೋನಿನಲ್ಲಿ ಮಾತಾಡುತ್ತಾಳೆ, ಮಳೆ ಬಂತಾ, ರಾಗಿ ಸಿಗುತ್ತಾ ಎಂದು ಕೇಳುತ್ತಾಳೆ. ಮಗನ ವಿಷಯ ಬಂದರೆ, "ನೀನು ಬುಡು, ನೀನು ಯಾವಾಗ್ಲೂ ಅಂಗೇ ಯೋಳದು" ಎನ್ನುತ್ತಾಳೆ.

ನಮ್ಮ ಕಡೆ ಸತ್ತವರಿಗೆ ಎಡೆ ಇಡುವುದು ನಿಮಗೆ ಗೊತ್ತೇ ಇದೆ. ಅವರಿಗೆ ಇಷ್ಟವಾದದ್ದನ್ನು ಮಾಡಿ, ಎಲೆಯ ಮೇಲೆ ಬಡಿಸಿ, ದೂರ ನಿಂತು ಕಾಯುವುದು. ಕಾಗೆ ಬಂದು ಮುಟ್ಟಿದರೆ ಹೋದವರು ಉಂಡರು ಅಂತ. ಮುಟ್ಟದಿದ್ದರೆ ಅವರಿಗೆ ಏನೋ ಕೊರಗಿದೆ ಅಂತ. ಆಗ ಮನೆಯವರು ಒಬ್ಬೊಬ್ಬರೇ ಮುಂದೆ ಬಂದು, ನಿನ್ನ ಹೆಂಡತಿಯನ್ನು ನೋಡಿಕೊಳ್ಳುತ್ತೇವೆ, ಹಸು ಮಾರುವುದಿಲ್ಲ, ಎಂದು ಮಾತು ಕೊಡಬೇಕು. ಕೊರಗು ಯಾವುದೋ ಆ ಮಾತು ಬಂದಾಗ ಕಾಗೆ ಇಳಿಯುತ್ತದೆ. ಮಳವಳ್ಳಿಯಲ್ಲಿ ಚಿಕ್ಕತಾಯಮ್ಮ ವರ್ಷ ವರ್ಷವೂ ಎಡೆ ಇಟ್ಟಳು. ಊರಿನ ಕಾಗೆ ಎಲ್ಲರ ಎಡೆಯನ್ನೂ ಮುಟ್ಟಿತು, ಜಯಂತನದನ್ನು ಮುಟ್ಟಲಿಲ್ಲ. "ಅವ್ನು ಅಲ್ಲೇ ಅಸ್ಕಂಡು ಕುಂತವ್ನೆ. ಇಲ್ಲಿಕ್ಕುದ್ರೆ ಅಷ್ಟು ದೂರದಿಂದ ಎಂಗ್ ಬಂದಾನು?" ಎಂಬುದು ಆಕೆಯ ವಾದ.

ಇದು ಬರೀ ವಾದವಾಗಿದ್ದರೆ ಬಿಡಬಹುದಿತ್ತು. ಆಕೆಯ ಎದೆಯ ಕವಾಟ ಕೆಟ್ಟಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಮೈಸೂರಿನ ಡಾಕ್ಟರು ಆಪರೇಷನ್ ಆಗಲೇಬೇಕು, ತಡ ಮಾಡಿದರೆ ಉಳಿಯುವುದಿಲ್ಲ ಎಂದಿದ್ದರು. ಚಿಕ್ಕತಾಯಮ್ಮ ಒಪ್ಪಲಿಲ್ಲ. "ಮಗ ಅಸ್ದಿರುವಾಗ ನನ್ ಎದೆ ರಿಪೇರಿ ಮಾಡಿಸ್ಕಂಡು ಏನ್ ಮಾಡ್ಲಿ? ಅವ್ನು ಉಂಡ ಅಂತ ಗೊತ್ತಾಗ್ಲಿ, ಆಮೇಕೆ ಎಲ್ಲಿಗ್ ಕರುದ್ರೂ ಬತ್ತೀನಿ" ಎಂದು ಕೂತಳು. ತಾರಾ ಅತ್ತಳು, ಬೈದಳು. ಕೊನೆಗೆ, ಆಯಿತು, ಅವನು ಹೋದ ಜಾಗದಲ್ಲೇ ಎಡೆ ಇಡುತ್ತೇನೆ ಎಂದಳು.

"ಇಕ್ಕು. ಆದ್ರೆ ನೀನ್ ಬಂದು ಮುಟ್ತು ಅಂದ್ರೆ ನಾ ನಂಬಾಕಿಲ್ಲ. ಯಾರಾದ್ರೂ ದೊಡ್ಡೋರ್ನ ಕರ್ಕಂಡು ಓಗು. ಇದೆಲ್ಲ ಗೊತ್ತಿರೋರ್ನ."

ಹೀಗೆ ನಾನು ಸಾಕ್ಷಿಯಾದೆ. ನನ್ನ ಮಂಡಿ ನೋಡಿ ಯಾಮಿನಿ ಬೇಡವೆಂದಳು. ದಾರಿ ಸಮತಟ್ಟು, ವ್ಹೀಲ್‌ಚೇರಿನವರೂ ಅರ್ಧ ಹೋಗುತ್ತಾರೆ ಎಂದು ತಾರಾ ಹೇಳಿ ಒಪ್ಪಿಸಿದಳು. ಮೊಮ್ಮಗಳು ನವ್ಯಾ ಮಾತ್ರ ಬಾಗಿಲಲ್ಲಿ ನಿಂತು, "ಅಜ್ಜಿ, ಡೋಂಟ್ ಫೀಡ್ ದ ಕೀಯಾ, ಓಕೆ?" ಎಂದು ಬೆರಳಾಡಿಸಿದಳು. ಕೀಯಾ ಎಂದರೆ ಅಲ್ಲಿನ ಬೆಟ್ಟದ ಗಿಳಿ. ಶಾಲೆಯಲ್ಲಿ ಕಲಿಸುತ್ತಾರಂತೆ, ಅದಕ್ಕೆ ಮನುಷ್ಯರ ತಿಂಡಿ ಹಾಕಬಾರದು ಎಂದು.

ತಾರಾಳ ಬಗ್ಗೆ ಇನ್ನೊಂದು ಹೇಳಬೇಕು, ಇಲ್ಲದಿದ್ದರೆ ಮರೆತುಬಿಡುತ್ತೇನೆ. ಅವಳು ಕೆಲಸ ಮಾಡುವುದು ರೆಸ್ಟ್ ಹೋಮಿನಲ್ಲಿ, ನೆನಪು ಹೋದ ಮುದುಕರ ವಿಭಾಗದಲ್ಲಿ. ಅಲ್ಲಿ ಒಬ್ಬ ಬಿಳಿಯ ಅಜ್ಜಿ, ಮಗಳ ಹೆಸರೂ ನೆನಪಿಲ್ಲದವಳು, ಫೆಬ್ರವರಿ ಬಂತೆಂದರೆ ತಾರಾಳ ಹಿಂದೆ ನೋಡಿಕೊಂಡು ಒಂದೇ ಮಾತು ಹೇಳುತ್ತಿದ್ದಳಂತೆ: ಆ ಹುಡುಗನಿಗೆ ಒಂದು ಟವೆಲ್ ಕೊಡಮ್ಮ, ಕಾರ್ಪೆಟ್ ಎಲ್ಲ ನೆನೆಯುತ್ತಿದೆ. ಜೊತೆಯ ನರ್ಸುಗಳಿಗೆ ಅದು ತಮಾಷೆ. ತಾರಾ ಮಾತ್ರ ಒಂದು ದಿನ ನಿಜವಾಗಿಯೂ ಟವೆಲ್ ತಂದು ಕುರ್ಚಿಯ ಮೇಲೆ ಇಟ್ಟಳು. ನನಗೆ ಇದನ್ನು ಹೇಳಿದ್ದು ವಿಮಾನದಲ್ಲಿ. ಕಿಟಕಿಯ ಹೊರಗೆ ನೋಡುತ್ತಾ ಹೇಳಿದಳು. ಆ ಟವೆಲ್ ಆಮೇಲೆ ಒದ್ದೆಯಾಗಿತ್ತಾ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಮೋಟೆಲಿನ ಅಡುಗೆಮನೆಯಲ್ಲಿ ಬೆಳಗ್ಗೆ ಎದ್ದು ಕೋಳಿಸಾರು, ಮುದ್ದೆ, ಅನ್ನ ಮಾಡಿದಳು. ಕಜ್ಜಾಯ ನಾನು ಆಕ್ಲೆಂಡಿನಿಂದಲೇ ಕರಿದುಕೊಂಡು ಹೋಗಿದ್ದೆ. ಬಾಳೆಲೆಯನ್ನು ಪೇಪರಿನಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದಿದ್ದೆ, ಅದು ಮಡಿಕೆಯಲ್ಲಿ ಸ್ವಲ್ಪ ಹರಿದಿತ್ತು.

ಕಾರು ನಿಲ್ಲಿಸುವಲ್ಲೇ ಕೀಯಾ ಕಂಡೆವು. ದೊಡ್ಡ ಹಕ್ಕಿ, ಪಾಚಿಯ ಬಣ್ಣ, ಕೊಕ್ಕು ಅಡಿಕೆ ಕತ್ತರಿಯ ಹಾಗೆ. ಯಾರದೋ ಕಾರಿನ ವೈಪರಿನ ರಬ್ಬರು ಕೀಳುತ್ತಿತ್ತು, ಒಳ್ಳೆ ದರ್ಜಿ ಹೊಲಿಗೆ ಬಿಚ್ಚಿದ ಹಾಗೆ. ದಾರಿ ಕಾಡಿನಲ್ಲಿ ಶುರುವಾಗುತ್ತದೆ. ತಾರಾ ಒಂದೊಂದನ್ನೂ ತೋರಿಸುತ್ತಾ ನಡೆದಳು. ತಮ್ಮ ಹೋದ ಮೇಲೆ ಅವಳು ಆ ಕಣಿವೆಯ ಹೂವು, ಹಕ್ಕಿ ಎಲ್ಲವನ್ನೂ ಕಲಿತಿದ್ದಳು. ಅವನು ಕೊನೆಗೆ ಏನೇನು ನೋಡಿರಬಹುದು ಎಂದು ತಿಳಿಯಲು. ರಾತಾ ಮರದಲ್ಲಿ ಕೊನೆಯ ಕೆಂಪು ಹೂವಿತ್ತು, ಉದುರಿದ್ದು ದಾರಿಯ ತುಂಬಾ ಕುಂಕುಮ ಚೆಲ್ಲಿದ ಹಾಗೆ. ಒಂದು ಕಾಂಡದ ಮೇಲೆ ಸಣ್ಣ ಬಿಳೀ ಸೀತಾಳೆ ಹೂವಿನ ಗೊಂಚಲು. ಅದನ್ನು ನೋಡುವ ಮೊದಲೇ ವಾಸನೆ ಬಂತು, ಯಾರೋ ಮುಡಿದುಕೊಂಡು ಪಕ್ಕದಲ್ಲಿ ಹಾದುಹೋದಂತೆ. ನಾನು ತಿರುಗಿ ನೋಡಿದೆ. ಯಾರೂ ಇರಲಿಲ್ಲ.

"ಎಲ್ರೂ ತಿರುಗಿ ನೋಡ್ತಾರೆ ಆಂಟಿ" ಎಂದಳು ತಾರಾ.

ಕಾಡು ಮುಗಿದು ಕಣಿವೆ ತೆರೆದುಕೊಂಡಿತು. ಬರೀ ಕಲ್ಲು. ಮನೆಯಷ್ಟು ದೊಡ್ಡ ಬಂಡೆ, ಮುಷ್ಟಿಯಷ್ಟು ಕಲ್ಲು, ಎಲ್ಲ ಒಂದೇ ಬೂದಿ ಬಣ್ಣ. ದಾರಿಯಲ್ಲಿ ಅಲ್ಲಲ್ಲಿ ಫಲಕ ಹಾಕಿದ್ದಾರೆ, ಇಂಥ ವರ್ಷ ಮಂಜುಗಡ್ಡೆ ಇಲ್ಲಿಯವರೆಗೆ ಇತ್ತು ಎಂದು. ಕಾಲೆತ್ತಿ ಮುಂದಿಟ್ಟಂತೆ ವರ್ಷ ಕಳೆಯುತ್ತದೆ. ಒಂದು ಕಡೆ ತಾರಾ ನಿಂತಳು.

"ಅವನು ಬಂದಾಗ ಐಸು ಇಲ್ಲಿತ್ತು. ಈಗ ನೋಡಿ, ಎಲ್ಲಿ ಹೋಗಿದೆ."

ದೂರದಲ್ಲಿ ಬೆಟ್ಟದ ಸಂದಿಯಲ್ಲಿ ಕೊಳಕು ನೀಲಿಯ ಗಡ್ಡೆ ಕಂಡಿತು. ಅವನು ನಿಂತಿದ್ದ ನೆಲವೇ ಈಗಿಲ್ಲ. ಪ್ರತಿ ವರ್ಷವೂ ಇವಳು ಬಂದು, ಐಸು ಬಿಟ್ಟುಕೊಟ್ಟ ಕಲ್ಲುಗಳ ಮಧ್ಯೆ ಒಂದು ಶೂ, ಒಂದು ಗುಂಡಿ, ಏನಾದರೂ ಸಿಗುತ್ತದೇನೋ ಎಂದು ಹುಡುಕುತ್ತಾಳೆ. ಹುಡುಕುವಾಗ ಅವಳ ಕಣ್ಣು ನೆಲದ ಮೇಲೆ, ಬಾಯಿ ಮಾತ್ರ ನನಗೆ ಹೂವು ತೋರಿಸುತ್ತಿತ್ತು. "ಇದು ನೋಡಿ, ಬರೀ ಜಲ್ಲಿಯಲ್ಲಿ ಬರುತ್ತೆ, ಮಣ್ಣೂ ಬೇಡ ಇದಕ್ಕೆ." ಅಂಗುಲದಷ್ಟಿಲ್ಲದ ಗಿಡ, ಅಕ್ಕಿಕಾಳಿನಂಥ ಬಿಳಿ ಹೂವು. ಆ ನದಿಯ ಅಡಿಯಲ್ಲಿ ಕಲ್ಲುಗಳು ಉರುಳುತ್ತಿರುತ್ತವೆ. ಪಕ್ಕದ ಕೋಣೆಯಲ್ಲಿ ಗಂಡಸರು ಕೂತು ಮೆಲ್ಲಗೆ ಮಾತಾಡಿದ ಹಾಗೇ ಕೇಳುತ್ತದೆ. ನಾನು ಎರಡು ಸಲ "ಏನಂದೆ?" ಎಂದೆ. ತಾರಾ ಏನೂ ಅಂದಿರಲಿಲ್ಲ.

ಮುಂದೆ ಹೋಗಬಾರದೆಂದು ಹಗ್ಗ ಕಟ್ಟಿದ ಕಡೆಗೆ ದಾರಿ ಮುಗಿಯುತ್ತದೆ. ಅಲ್ಲಿಂದ ಸ್ವಲ್ಪ ಈಚೆ, ಜನ ಹೋಗದ ಒಂದು ಚಪ್ಪಟೆ ಬಂಡೆಯ ಮೇಲೆ ಎಲೆ ಹಾಸಿದೆವು. ಬಡಿಸಿ, ಊದಿನಕಡ್ಡಿ ಹಚ್ಚಲು ಹೋದರೆ ಐಸಿನ ಗಾಳಿಗೆ ಬೆಂಕಿ ನಿಲ್ಲಲಿಲ್ಲ. ಹಾಗೇ ಕೈ ಮುಗಿದು ದೂರ ಬಂದು ಕೂತೆವು.

ಮೊದಲು ಬಂದದ್ದು ಕೀಯಾ. ರೆಕ್ಕೆ ಬಿಚ್ಚಿದಾಗ ಕೆಳಗೆಲ್ಲ ಬೆಂಕಿಯ ಬಣ್ಣ. ಬಂಡೆಯ ಮೇಲಿಳಿದು, ಕುಂಟುತ್ತಾ ಕುಪ್ಪಳಿಸುತ್ತಾ, ಊರ ಗೌಡನ ಹಾಗೆ ನಮ್ಮನ್ನು ಒಮ್ಮೆ ನೋಡಿ, ಎಲೆಯ ಕಡೆ ಹೊರಟಿತು. ಬಂತಲ್ಲ ಎಂದುಕೊಂಡೆ. ಕಪ್ಪಲ್ಲದಿದ್ದರೆ ಏನಾಯಿತು, ಹಸಿದು ಬಂದಿದೆಯಲ್ಲ! ಅಷ್ಟರಲ್ಲಿ ತಾರಾ ಎದ್ದು ಓಡಿ, ಎರಡೂ ಕೈ ತಟ್ಟಿ, ಎಲೆಯ ಮೇಲೆ ಅಡ್ಡ ಬಗ್ಗಿ ಅದನ್ನು ಓಡಿಸಿಬಿಟ್ಟಳು.

"ಅಯ್ಯೋ ನಿನ್ನ! ಬಂದ ಹಕ್ಕೀನ ಓಡಿಸಿದೆಯಲ್ಲೇ!"

"ತಿಂದ್ರೆ ಅದು ಕೆಟ್ಟುಹೋಗುತ್ತೆ ಆಂಟಿ. ಉಪ್ಪು, ಎಣ್ಣೆ, ಮೂಳೆ. ಆಮೇಲೆ ಜನರ ಹಿಂದೆ ಬಿದ್ದು ಕಾರಿಗೆ ಸಿಕ್ಕಿ ಸಾಯುತ್ತೆ."

"ನಿಮ್ಮವ್ವ ಸಾಯ್ತಿದಾಳಲ್ಲೇ ಅಲ್ಲಿ!"

"ಗೊತ್ತು." ಅವಳು ಹರಿದ ಎಲೆಯನ್ನು ಸರಿಮಾಡಿದಳು. "ಒಂದು ಜೀವ ಕೆಡಿಸಿ ಅವನಿಗೆ ಉಣ್ಣಿಸ್ಲಾ? ಅವನೇ ಉಣ್ಣಲ್ಲ."

ನನಗೆ ಸಿಟ್ಟು ಬಂತು. ಬಂದ ಸಿಟ್ಟು ಅವಳ ಮುಖ ನೋಡಿ ಹೋಯಿತು. ಮತ್ತೆ ಕೂತೆವು. ಮೋಡ ಕೆಳಗಿಳಿಯಿತು. ಮೇಲೆಲ್ಲೋ ಐಸು ಬಿರುಕು ಬಿಟ್ಟಿತು, ದೊಡ್ಡ ಮನೆಯ ಬಾಗಿಲು ಯಾರೋ ಹಾಕಿಕೊಂಡ ಹಾಗೆ. ಯಾವ ಹಕ್ಕಿಯೂ ಇಲ್ಲ. ಇನ್ನು ಮಾತು ಕೊಡುವುದೇ ಸರಿ ಎಂದು ನಾನು ಎದ್ದು ನಿಂತೆ.

"ಜಯಂತ, ನೋಡಪ್ಪ, ನನ್ನ ಪರಿಚಯ ನಿನಗಿಲ್ಲ. ನಾನು ನಿಮ್ಮಕ್ಕನ ಪಕ್ಕದ ಮನೆಯವಳು. ನಿಮ್ಮವ್ವನ್ನ ಚೆನ್ನಾಗಿ ನೋಡ್ಕೋತೀವಿ." ಏನಿಲ್ಲ. "ನಿನ್ನ ಫೋಟೋ ಎಲ್ಲ ಜೋಪಾನವಾಗಿ ಇಟ್ಟಿದೀವಿ." ಏನಿಲ್ಲ. "ನಿಮ್ಮಕ್ಕನಿಗೆ ಒಂದು ಒಳ್ಳೇ ಗಂಡು ನೋಡಿ ಮದುವೆ ಮಾಡಿಸ್ತೀನಿ."

"ಆಂಟಿ, ಬರೋ ಹಕ್ಕಿನೂ ಅದಕ್ಕೇ ಹೆದರಿ ಹೋಯ್ತು ನೋಡಿ" ಎಂದು ತಾರಾ ನಕ್ಕಳು. ನಕ್ಕು, ಮುಖ ಮುಚ್ಚಿಕೊಂಡಳು. ಆಮೇಲೆ ಎದ್ದು ಎಲೆಯ ಹತ್ತಿರ ಹೋಗಿ ಮಂಡಿಯೂರಿದಳು. ಆ ಕಣಿವೆಯಲ್ಲಿ ಒಂದು ಬಗೆಯ ಸಣ್ಣ ಕಪ್ಪು ನೊಣ, ಕಚ್ಚಿದರೆ ವಾರಗಟ್ಟಲೆ ಕೆರೆತ. ಬೆಲ್ಲದ ವಾಸನೆಗೋ ಸಾರಿನ ಬಿಸಿಗೋ ಅವು ಎಡೆಯ ಮೇಲೆ ಮುತ್ತಿದ್ದವು. ಇವಳು ಬಗ್ಗಿ ಏನೋ ಹೇಳಿದಳು. ನದಿಯ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಅದು ನನಗೆ ಕೇಳಲು ಹೇಳಿದ ಮಾತೂ ಅಲ್ಲ.

ಆಗ ಅದು ಬಂತು. ಗುಬ್ಬಚ್ಚಿಗಿಂತ ಚಿಕ್ಕದು. ಮೈಯೆಲ್ಲ ಕಪ್ಪು, ಬಾಲ ಮಾತ್ರ ಬೀಸಣಿಗೆಯ ಹಾಗೆ ಬಿಚ್ಚುತ್ತದೆ, ಮಡಿಸುತ್ತದೆ. ಫ್ಯಾಂಟೇಲ್ ಅಂತಾರೆ. ಸಾಮಾನ್ಯವಾಗಿ ಕಂದು ಬಣ್ಣದ್ದು, ಕಾಡಿನಲ್ಲಿರುತ್ತದೆ. ಕಪ್ಪನೆಯದು ಅಪರೂಪ, ಅದೂ ಈ ಕಲ್ಲಿನ ಬಯಲಿಗೆ ಬರುವುದು ಇನ್ನೂ ಅಪರೂಪ ಎಂದು ತಾರಾ ಆಮೇಲೆ ಹೇಳಿದಳು. ಅವಳು ಅಲ್ಲಾಡಲಿಲ್ಲ. ಹಕ್ಕಿ ಅವಳ ಮಂಡಿಯ ಪಕ್ಕ ಕೂತಿತು. ಎಲೆಯ ಮೇಲೆ ಹಾರಿ, ಗಾಳಿಯಲ್ಲಿ ತಿರುಗಿ, ಒಂದೊಂದೇ ನೊಣ ಹಿಡಿದು ತಿಂದಿತು. ಮುದ್ದೆಯ ಮೇಲಿನದು, ಕಜ್ಜಾಯದ ಮೇಲಿನದು, ತಾರಾಳ ಕೈಯ ಮೇಲಿನದೂ. ಒಂದು ಅಗುಳನ್ನೂ ಅದು ಮುಟ್ಟಲಿಲ್ಲ. ಎಡೆ ಸ್ವಚ್ಛವಾದ ಮೇಲೆ, ಬಂದ ದಾರಿಯಲ್ಲಲ್ಲ, ಹಗ್ಗದ ಆಚೆ ಐಸಿನ ಕಡೆಗೆ ಹಾರಿಹೋಯಿತು. ಅಲ್ಲಿ ಮರವೂ ಇಲ್ಲ, ನೊಣವೂ ಇಲ್ಲ.

ಅಲ್ಲಿ ಏನನ್ನೂ ಬಿಟ್ಟುಬರುವ ಹಾಗಿಲ್ಲ. ಎಲೆ ಸಮೇತ ಎಲ್ಲವನ್ನೂ ಡಬ್ಬಿಗೆ ತುಂಬಿಕೊಂಡು ಬಂದೆವು. ಕಾರಿನಲ್ಲಿ ತಾರಾ ಒಂದೇ ಮಾತು ಹೇಳಿದಳು. "ಕಣಿವೆಯಲ್ಲಿ ಫೋನ್ ಸಿಗಲ್ಲ, ಫೋಟೋನೂ ತೆಗೀಲಿಲ್ಲ, ಅವ್ವನಿಗೆ ತೋರಿಸೋಕೆ ಏನೂ ಇಲ್ಲ. ನೀವು ಏನು ಹೇಳ್ತೀರೋ ಅದೇ, ಆಂಟಿ."

ಮೋಟೆಲಿಗೆ ಬಂದು ಸಂಜೆ ಫೋನ್ ಹಚ್ಚಿದೆವು. ಇಲ್ಲಿ ಇನ್ನೂ ಬೆಳಕು, ಅಲ್ಲಿ ಮಧ್ಯಾಹ್ನದ ಊಟದ ಹೊತ್ತು. ತಾರಾ ಫೋನನ್ನು ನನ್ನ ಕೈಗಿತ್ತು ಕಿಟಕಿಯ ಹತ್ತಿರ ನನಗೆ ಬೆನ್ನು ಮಾಡಿ ನಿಂತಳು.

"ಅಕ್ಕ, ನೀವೇ ಯೋಳಿ. ಮುಟ್ತಾ?"

ಆ ಹೆಂಗಸು ಉಸಿರೆಳೆದುಕೊಳ್ಳುವುದು ಅಷ್ಟು ದೂರದಿಂದ ಕೇಳುತ್ತಿತ್ತು. ಮುಟ್ಟಿತು ಎಂದು ಒಂದು ಮಾತು ಹೇಳಿದ್ದರೆ ಮುಗಿದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಈಕೆಗೆ ಒಂದು ಸಲ ಮಗ ಉಂಡ ಎಂದು ಸುಳ್ಳು ಹೇಳಿಯಾಗಿತ್ತು. ಅದೇ ಮಾತು, ಅದೇ ತಾಯಿಗೆ, ಎರಡನೆಯ ಸಲ ಹೇಗೆ ಹೇಳಲಿ? ಕಂಡದ್ದನ್ನು ಕಂಡ ಹಾಗೇ ಹೇಳಿದೆ. ಗಿಳಿ ಬಂದದ್ದು, ಇವಳು ಓಡಿಸಿದ್ದು, ಕಪ್ಪು ಹಕ್ಕಿ, ನೊಣ. ಅನ್ನ ಮುಟ್ಟಲಿಲ್ಲ ಕಣಮ್ಮ ಎಂದೆ.

ಚಿಕ್ಕತಾಯಮ್ಮ ಒಂದೊಂದೇ ಕೇಳತೊಡಗಿದಳು.

"ಕರ್ರಗಿತ್ತಾ?"

"ಕರ್ರಗಿತ್ತು."

"ತಾರಂಗೆ ಎದುರ್ಕಂತಾ?"

"ಇಲ್ಲ. ಅವಳ ಮಂಡಿ ಹತ್ರಾನೇ ಕೂತಿತ್ತು."

"ನೊಣ ಓಡುಸ್ತು, ಅನ್ನ ತಿನ್ನಲಿಲ್ಲ" ಎಂದು ತನಗೇ ಹೇಳಿಕೊಂಡಳು. ಆಮೇಲೆ ಅವಳ ದನಿ ಬೇರೆಯಾಯಿತು. "ಅಂಗಾರೆ ಅವುನ್ಗೆ ಅಸ್ವಿಲ್ಲ ಕನಕ್ಕ. ಸುಮ್ಕೆ ಅಕ್ಕನ್ನ ನೋಡಕ್ಕೆ ಬಂದವ್ನೆ. ಉಂಡ್ಕಂಡೇ ಬಂದವ್ನೆ."

"ಎಲ್ಲಿ ಉಣ್ತಾನಮ್ಮ?" ಎಂದೆ, ತಡೆಯಲಾಗದೆ.

"ಅಲ್ಲಿ ಯಾರೋ ಬಡಿಸ್ತಾವ್ರೆ. ಆ ಐಸಲ್ಲಿ ಇವನೊಬ್ನೇ ಓಗಿರದಾ? ಇವನ್ಗಿಂತ ಮುಂದೆ ಓದೋರು ಇರಾಕಿಲ್ವಾ? ಯಾವಳೋ ಒಬ್ಳು ತಾಯಿ ಇರ್ತಾಳೆ, ಕನಿಕರ ಇರೋಳು." ಉಸಿರು ಸಾಲದೆ ನಿಲ್ಲಿಸಿದಳು. "ಇನ್ನು ನಾ ಎಡೆ ಇಕ್ಕಾಕಿಲ್ಲ. ಉಂಡೋರ್ನ ಬಲವಂತ ಮಾಡ್ಬಾರ್ದು. ತಾರಂಗೆ ಫೋನ್ ಕೊಡಿ, ಆಸ್ಪತ್ರೆಗೆ ದಿನ ಗೊತ್ ಮಾಡ್ಲಿ."

ತಾರಾ ಫೋನ್ ತೆಗೆದುಕೊಂಡಳು. ಹೂಂ ಅವ್ವ, ಹೂಂ ಅವ್ವ ಎಂದಳು. ಯಾವ ಡಾಕ್ಟರು, ಜೊತೆಗೆ ಯಾರು ಎಂದೆಲ್ಲ ಮಾತಾಡಿದಳು. ಇಟ್ಟ ಮೇಲೆ ಮಂಚದ ಮೇಲೆ ಕೂತು ಗೋಡೆ ನೋಡುತ್ತಿದ್ದಳು. ಖುಷಿಪಡುತ್ತಾಳೆ ಎಂದು ನಾನು ಕಾಯುತ್ತಿದ್ದೆ.

"ಯಾರು ಆಂಟಿ ಅವಳು?" ಎಂದಳು.

"ಯಾರೇ?"

"ಬಡಿಸ್ತಿರೋಳು."

ನಾನು ಕಜ್ಜಾಯದ ಡಬ್ಬಿ ತೆಗೆದು ಅವಳ ಮುಂದಿಟ್ಟೆ.

ಆಪರೇಷನ್ ಆಯಿತು, ಚಿಕ್ಕತಾಯಮ್ಮ ಈಗ ಸಂತೆಗೂ ಹೋಗಿಬರುತ್ತಾಳೆ. ಮಗಳ ಹತ್ತಿರ ಮಗನ ವಿಷಯವನ್ನೂ ಮಾತಾಡುತ್ತಾಳೆ, ಪಕ್ಕದೂರಿನಲ್ಲಿ ಕೆಲಸಕ್ಕಿರುವ ಹುಡುಗನ ವಿಷಯ ಮಾತಾಡಿದಂತೆ. ತಾರಾ ಮಾತ್ರ ಫೆಬ್ರವರಿ ಬಂದರೆ ಈಗಲೂ ಹೋಗುತ್ತಾಳೆ. ಕಲ್ಲಿನ ಸಂದಿಯಲ್ಲಿ ಹುಡುಕುವುದಿಲ್ಲವಂತೆ. ಎಡೆ ಒಯ್ಯುವುದಿಲ್ಲ. ಮತ್ತೇಕೆ ಹೋಗುತ್ತೀಯೇ ಎಂದರೆ, "ನೋಡ್ಕೊಂಡು ಬರ್ತೀನಿ ಆಂಟಿ, ಅವನಿಗೆ ಸರಿಯಾಗಿ ಬಡಿಸ್ತಿದಾಳಾ ಅಂತ" ಎನ್ನುತ್ತಾಳೆ. ನಗುತ್ತಾಳೋ ಇಲ್ಲವೋ ಗೊತ್ತಾಗುವುದಿಲ್ಲ.

ಹೋದ ತಿಂಗಳು ಅಲ್ಲಿಗೆ ಹೋಗಿ ಬಂದವಳು ಬೇಲಿಯ ಹತ್ತಿರ ನಿಂತು, ಈ ಸಲ ಹಗ್ಗದ ಹತ್ತಿರ ನಿಂತಾಗ ಐಸಿನ ಕಡೆಯಿಂದ ಗಾಳಿ ಬೀಸಿತು, ಅದರಲ್ಲಿ ಅಡುಗೆಯ ವಾಸನೆಯಿತ್ತು ಎಂದಳು. ಅಲ್ಲಿ ಮನೆ ಎಲ್ಲಿಂದ ಬರಬೇಕು? ನಾನು ನಂಬಿದೆನೋ ಬಿಟ್ಟೆನೋ, ಹೆಂಗಸರ ಬಾಯಿಗೆ ಮೊದಲು ಬರುವುದನ್ನೇ ಕೇಳಿದೆ.

"ಏನು ಮಾಡಿದ್ರೇ? ಸಾರಾ?"

"ಗೊತ್ತಾಗ್ಲಿಲ್ಲ ಆಂಟಿ. ನಮ್ಮ ಕಡೆ ಅಡುಗೆ ಅಲ್ಲ ಅದು. ಆದ್ರೆ ಆಗ ತಾನೇ ಇಳಿಸಿದ ಹಾಗಿತ್ತು, ಬಿಸಿಬಿಸಿ" ಎಂದಳು.